ಚುಕ್ತಾ ಆದ ಲೆಕ್ಕದ ಮೇಲೆ ಕಲಿತ ವಿದ್ಯೆ: ತೋಟದ ರೈಟರೊಬ್ಬನ ಅನುಭವ

ಕಳೆದ ಕೆಲವು ಕೊಯ್ಲುಗಳಿಂದ ನಮ್ಮ ಕಾಫಿ ತೋಟದ ಹಾಜರಿ, ಹಣ್ಣಿನ ತೂಕ, ಅಡ್ವಾನ್ಸು ಮತ್ತು ವಾರದ ಕೂಲಿ ಬಟವಾಡೆ ಎಲ್ಲವೂ ಕಂಪ್ಯೂಟರಿನ ಲೆಕ್ಕದ ಹಾಳೆಯಾದ ಗೂಗಲ್ ಶೀಟ್ಸ್‌ನಲ್ಲಿಯೇ ನಡೆಯುತ್ತಿವೆ. ಅದರ ಹಿಂದೆ ಓಡುವ ಸ್ಕ್ರಿಪ್ಟನ್ನು, ಅಂದರೆ ಲೆಕ್ಕವನ್ನು ತಾನಾಗಿ ಮಾಡುವ ಪುಟ್ಟ ಪ್ರೋಗ್ರಾಮನ್ನು, ಬರೆದವನು ನಾನೇ. ಬಿ.ಕಾಂ. ಮುಗಿಸಿದಂದಿನಿಂದ ಪೆನ್ನು ಹಿಡಿದೇ ದುಡಿದ ರೈಟರೊಬ್ಬ, ಅಂದರೆ ತೋಟದ ಲೆಕ್ಕ ಬರೆಯುವವನು, ಐವತ್ತು ದಾಟಿದ ಮೇಲೆ ಕೋಡ್ ಬರೆಯುತ್ತಾನೆ ಎಂಬುದನ್ನು ಮೂಡಿಗೆರೆ ಸೀಮೆಯ ನನ್ನ ವೃತ್ತಿಬಾಂಧವರು ಬಹುಕಾಲ ನಂಬಲಿಲ್ಲ. ಈಗ ಸುತ್ತಲಿನ ನಾಲ್ಕೈದು ತೋಟಗಳಲ್ಲಿ ಅದೇ ಹಾಳೆ ನಡೆಯುತ್ತಿರುವುದರಿಂದ ನಂಬಿದ್ದಾರೆ, ಹೇಗೆ ಕಲಿತಿರಿ ಎಂದು ಕೇಳುವವರೂ ಹೆಚ್ಚಾಗಿದ್ದಾರೆ. ಅವರಿಗಾಗಿ ಬರೆಯುತ್ತಿರುವುದರಿಂದ ಬೇಕಾದ ಸಾಲುಗಳನ್ನಷ್ಟೇ ಆರಿಸಿ ಕೂಡುವ ಸಮ್‌ಇಫ್ ಎಂದರೇನು, ಹೆಸರು ಹುಡುಕಿ ಅದರ ಮುಂದಿನ ಅಂಕಿ ತರುವ ವಿಲುಕ್‌ಅಪ್ ಎಂದರೇನು ಎಂಬ ಸೂತ್ರಗಳ ಪಾಠಕ್ಕೆ ಇಲ್ಲಿ ಕೈಹಾಕುವುದಿಲ್ಲ.

ಮೊದಲು ಕೈಬಿಟ್ಟ ಹಣದ ಮಾತು. ಹಾಸನದಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿಗೆ ಹತ್ತೊಂಬತ್ತು ಸಾವಿರದ ಆಸುಪಾಸು ಆಯಿತು. ಅದು ಇಂದಿಗೂ ದುಡಿಯುತ್ತಿರುವುದರಿಂದ ನಷ್ಟವೆನ್ನಲಾರೆ. ಚಿಕ್ಕಮಗಳೂರಿನ ಸಂಜೆ ತರಗತಿಯೊಂದಕ್ಕೆ ಆರು ಸಾವಿರ ಕಟ್ಟಿ, ಬಸ್ಸಿಗೂ ಕಾಫಿತಿಂಡಿಗೂ ಅದರ ಅರ್ಧದಷ್ಟು ಕಳೆದೆ. ದೊಡ್ಡ ಪೆಟ್ಟು ಬಿದ್ದದ್ದು ಆನ್‌ಲೈನ್ ಕೋಚಿಂಗಿನಿಂದ: ಹದಿನೆಂಟು ಸಾವಿರ ಚಿಲ್ಲರೆ, ಅದೂ ಕಂತಿನಲ್ಲಿ. ನೇರ ಪ್ರಸಾರದ ಪಾಠಗಳು ಶುರುವಾದದ್ದು ಜುಲೈ ತಿಂಗಳಲ್ಲಿ; ಆ ತಿಂಗಳು ನಮ್ಮಲ್ಲಿ ಕರೆಂಟು ಇದ್ದರೆ ನೆಟ್‌ವರ್ಕ್ ಇರುವುದಿಲ್ಲ, ನೆಟ್‌ವರ್ಕ್ ಇದ್ದರೆ ಕರೆಂಟು ಇರುವುದಿಲ್ಲ ಎಂಬುದನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಎಲ್ಲ ಸೇರಿ ಸುಮಾರು ಮೂರು ತಿಂಗಳ ಸಂಬಳ ಹೋಯಿತೆನ್ನಬಹುದು.

ಆದರೆ ಆ ತರಗತಿಗಳಿಂದ ಏನೂ ಹತ್ತದಿರುವುದಕ್ಕೆ ಕಾರಣ ಮಳೆಯಲ್ಲ. ಅಲ್ಲಿ ಅಭ್ಯಾಸಕ್ಕೆ ಕೊಡುತ್ತಿದ್ದದ್ದು ಯಾವುದೋ ಪಿಜ್ಜಾ ಅಂಗಡಿಯ ಮಾರಾಟದ ಅಂಕಿಗಳು. ಸೂತ್ರ ಬರೆದಾಗ ಒಂದು ಮೊತ್ತ ಬರುತ್ತದೆ. ಅದು ಸರಿಯೋ ತಪ್ಪೋ ಎಂದು ತಿಳಿಯಲು ಮೇಷ್ಟ್ರು ಹೇಳುವವರೆಗೆ ಕಾಯಬೇಕು. ಲೆಕ್ಕವನ್ನೇ ಬದುಕಾಗಿಸಿಕೊಂಡವನಿಗೆ ಈ ಪರಾವಲಂಬನೆ ಸಹಿಸಲಾಗದ ಸಂಗತಿ. ಯಾವ ಅಂಕಿ ಎಲ್ಲಿಂದ ಬಂತು ಎಂದು ಬೆರಳಿಟ್ಟು ತೋರಿಸಲಾಗದ ಮೊತ್ತವನ್ನು ನನ್ನ ಕೈ ನಂಬುವುದಿಲ್ಲ.

ಆದ್ದರಿಂದ 2021ರ ಮಳೆಗಾಲದಲ್ಲಿ ತರಗತಿಗಳನ್ನು ಬಿಟ್ಟು, ಆ ಹಿಂದಿನ ಕೊಯ್ಲಿನ ಪುಸ್ತಕವನ್ನು ಬೀರುವಿನಿಂದ ತೆಗೆದೆ. ಅದು ಚುಕ್ತಾ ಆದ ಲೆಕ್ಕ. ಪ್ರತಿ ವಾರದ ಬಟವಾಡೆಯ ಕೆಳಗೆ ಆಳುಗಳ ಸಹಿ ಅಥವಾ ಹೆಬ್ಬೆಟ್ಟು ಇದೆ, ಮಾಲೀಕರ ರುಜು ಇದೆ, ಒಂದು ರೂಪಾಯಿಯೂ ಹೆಚ್ಚುಕಡಿಮೆ ಇಲ್ಲ. ಇಡೀ ಪುಸ್ತಕವನ್ನು ಮೊದಲ ವಾರದಿಂದ ಶೀಟ್ಸ್‌ಗೆ ಏರಿಸುತ್ತ ಹೋಗುವುದು, ಪುಸ್ತಕದ ಮೊತ್ತವೂ ಶೀಟಿನ ಮೊತ್ತವೂ ತಾಳೆಯಾಗುವವರೆಗೆ ಮುಂದಿನ ವಾರಕ್ಕೆ ಕೈಹಚ್ಚದಿರುವುದು, ಯಾವ ಹೊಸ ಸೂತ್ರವನ್ನೂ ಬೇಕಾಗುವ ಮೊದಲು ಕಲಿಯದಿರುವುದು: ನನ್ನ ವಿಧಾನವೆಂದರೆ ಇಷ್ಟೇ. ಉತ್ತರ ಮೊದಲೇ ಗೊತ್ತಿರುವುದರಿಂದ ತಪ್ಪು ಎಲ್ಲಿದೆ ಎಂದು ಹುಡುಕುವುದೇ ಪಾಠವಾಗುತ್ತದೆ.

ನಗದವರೇ ಇರಲಿಲ್ಲ. "ಏನ್ರೀ ರೈಟ್ರೇ, ಸತ್ತ ಲೆಕ್ಕಕ್ಕೆ ಮತ್ತೆ ತಿಥಿ ಮಾಡ್ತಾ ಕೂತಿದ್ದೀರಲ್ಲ" ಎಂದು ಪಕ್ಕದ ತೋಟದ ರೈಟರು ಕೇಳಿದರು. ಮಾಲೀಕರ ಮಗ ಬೆಂಗಳೂರಿನಲ್ಲಿ ಇಂಜಿನಿಯರು. "ಅಂಕಲ್, ಇದಕ್ಕೆಲ್ಲ ರೆಡಿಮೇಡ್ ಆ್ಯಪ್ ಸಿಗುತ್ತಲ್ಲ" ಎಂದ. ಸಿಗುವ ಆ್ಯಪುಗಳನ್ನು ನೋಡಿಯೇ ಇದ್ದೆ. ಬೆಳಿಗ್ಗೆ ಅರ್ಧ ಹಾಜರಿಗೆ ಕಣದಲ್ಲಿ ದುಡಿದು, ಮಧ್ಯಾಹ್ನದ ಮೇಲೆ ಕೆ.ಜಿ. ಲೆಕ್ಕದಲ್ಲಿ ಹಣ್ಣು ಕೊಯ್ದ ಹೆಂಗಸಿನ ಕೂಲಿಯನ್ನು ಒಂದೇ ಸಾಲಿನಲ್ಲಿ ಕಟ್ಟಿಕೊಡುವ ಆ್ಯಪು ನನ್ನ ಕಣ್ಣಿಗೆ ಬೀಳಲಿಲ್ಲ.

ಮೊದಲ ಪೆಟ್ಟು ತಾರೀಖಿನಿಂದ ಬಂತು. ಡಿಸೆಂಬರ್ ಮೊದಲ ವಾರದ ಬಟವಾಡೆ ಪುಸ್ತಕದಲ್ಲಿ ನಲವತ್ತು ಸಾವಿರದ ಮೇಲಿದ್ದರೆ ಶೀಟು ಸೊನ್ನೆ ತೋರಿಸಿತು. ಸೂತ್ರವನ್ನು ಹತ್ತಾರು ಬಗೆಯಲ್ಲಿ ತಿರುಗಿಸಿ ಬರೆದರೂ ಸೊನ್ನೆಯೇ. ಕೊನೆಗೆ ಗಮನಕ್ಕೆ ಬಂದದ್ದು ಒಂದು ಸಣ್ಣ ಗುರುತು: ಹನ್ನೆರಡನೆಯ ತಾರೀಖಿನವರೆಗಿನ ಅಂಕಿಗಳು ತಮ್ಮ ಚೌಕದ ಮನೆಯ ಬಲಬದಿಗೆ ಅಂಟಿಕೊಂಡಿದ್ದರೆ, ಹದಿಮೂರರಿಂದ ಮುಂದಿನವು ಎಡಬದಿಗೆ ನಿಂತಿದ್ದವು. ಹಾಳೆಯ ಲೊಕೇಲ್, ಅಂದರೆ ಯಾವ ದೇಶದ ರೂಢಿಯಂತೆ ಓದಬೇಕೆಂಬ ಸೆಟ್ಟಿಂಗು, ಅಮೆರಿಕದ್ದಾಗಿತ್ತು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಹಾಗಾಗಿ ನಾನು 3/12/2020 ಎಂದು ಬರೆದದ್ದನ್ನು ಅದು ಮಾರ್ಚ್ ಹನ್ನೆರಡು ಎಂದು ಓದಿತ್ತು, ಹದಿಮೂರನೆಯ ತಿಂಗಳು ಇಲ್ಲವಾದ್ದರಿಂದ 13/12/2020 ಎಂಬುದನ್ನು ಬರಿಯ ಅಕ್ಷರವೆಂದು ಬದಿಗಿಟ್ಟಿತ್ತು. ಸೆಟ್ಟಿಂಗ್ಸ್‌ನಲ್ಲಿ ಇಂಡಿಯಾ ಎಂದು ಬದಲಿಸಿ, ತಾರೀಖುಗಳನ್ನೆಲ್ಲ ಹೊಸದಾಗಿ ಏರಿಸಿದ ಮೇಲೆ ಸರಿಹೋಯಿತು. ಪಿಜ್ಜಾ ಅಂಗಡಿಯ ಲೆಕ್ಕದಲ್ಲಿ ಇದು ನನಗೆ ಗೊತ್ತೇ ಆಗುತ್ತಿರಲಿಲ್ಲ.

ಎರಡನೆಯದು ಇನ್ನೂ ನವಿರಾದದ್ದು. ಕೆಲವು ವಾರಗಳಲ್ಲಿ ಶೀಟಿನ ಮೊತ್ತ ಪುಸ್ತಕಕ್ಕಿಂತ ಎರಡು ಮೂರು ರೂಪಾಯಿ ಕಡಿಮೆ ಬರುತ್ತಿತ್ತು. ಎರಡು ರೂಪಾಯಿ ತಾನೇ ಎನ್ನುವವರು ಬಟವಾಡೆಯ ಮೇಜಿನ ಹಿಂದೆ ಕೂತವರಲ್ಲ. ಮೂವರ ತೂಕ ತೆಗೆದುಕೊಂಡು ಕೈಯಲ್ಲಿ ಮಾಡಿದೆ: 37.3, 41.7 ಮತ್ತು 29.5 ಕೆ.ಜಿ., ದರ ನಾಲ್ಕೂವರೆ ರೂಪಾಯಿ. ಕೂಲಿ 167.85, 187.65 ಮತ್ತು 132.75. ಪೈಸೆ ಕಾಣದಂತೆ ಮಾಡಿದ್ದರಿಂದ ಶೀಟಿನಲ್ಲಿ 168, 188, 133 ಎಂದು ಕಾಣುತ್ತದೆ, ಕೂಡಿದರೆ 489. ಆದರೆ ಶೀಟು ಕೂಡುವುದು ಒಳಗಿನ ಪೈಸೆಗಳನ್ನು. ಅದರ ಮೊತ್ತ 488.25, ತೋರಿಸುವುದು 488. ಆಳಿನ ಕೈಗೆ ಕೊಡುವುದು ಇಡೀ ರೂಪಾಯಿಯಾದ್ದರಿಂದ ಪ್ರತಿಯೊಬ್ಬರ ಸಾಲಿನಲ್ಲೇ ರೌಂಡ್ ಮಾಡಿ ಆಮೇಲೆ ಕೂಡಬೇಕು. ಇದನ್ನು ಪಟ್ಟಣದ ಒಬ್ಬ ಅಕೌಂಟೆಂಟರಿಗೆ ತೋರಿಸಿದಾಗ ಅವರು ತಮ್ಮ ಹಾಳೆಯನ್ನು ತೆರೆದು ಸ್ವಲ್ಪ ಹೊತ್ತು ಮಾತಾಡದೆ ಕೂತರು ಎಂಬುದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಕನ್ನಡದಲ್ಲಿ ಹೆಸರು ಏರಿಸಿದ್ದು ಬೇರೆಯೇ ಒಂದು ಪುರಾಣ. ಹಳೆಯ ಪಟ್ಟಿ ನುಡಿ ತಂತ್ರಾಂಶದ, ಎಲ್ಲ ಕಂಪ್ಯೂಟರುಗಳೂ ಓದುವ ಯೂನಿಕೋಡ್ ಅಲ್ಲದ ಅಕ್ಷರದಲ್ಲಿತ್ತು; ಶೀಟಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಸವಾಯಿತು. ಅದಕ್ಕೆ ಪರಿವರ್ತಕಗಳಿವೆ, ಕಷ್ಟವಾಗಲಿಲ್ಲ. ಸತಾಯಿಸಿದ್ದು ಓ ಸ್ವರ. ಗೋಪಾಲ ಎಂಬ ಹೆಸರಿನ ಗೋ ಅಕ್ಷರವನ್ನು ಕೆಲವು ಕೀಲಿಮಣೆಗಳು ಒಂದೇ ಗುರುತಾಗಿ ಇಡುತ್ತವೆ, ಕೆಲವು ತುಂಡುತುಂಡಾಗಿ ಇಡುತ್ತವೆ. ಕಣ್ಣಿಗೆ ಎರಡೂ ಒಂದೇ. ವಿಲುಕ್‌ಅಪ್‌ಗೆ ಬೇರೆ ಬೇರೆ ಮನುಷ್ಯರು. ಹಾಗಾಗಿ ಗೋಪಾಲನ ಅಡ್ವಾನ್ಸನ್ನು ಶೀಟು ಕೂಲಿಯಲ್ಲಿ ಮುರಿದುಕೊಳ್ಳಲೇ ಇಲ್ಲ. ಸ್ಕ್ರಿಪ್ಟಿನಲ್ಲಿ ಎರಡನ್ನೂ ಒಂದೇ ರೂಪಕ್ಕೆ ತರುವ ನಾರ್ಮಲೈಸ್ ಎಂಬ ಒಂದು ಪದದಿಂದ ಇದು ತೀರುತ್ತದೆ, ಆದರೂ ನಮ್ಮಲ್ಲಿ ಲಕ್ಷ್ಮಮ್ಮಂದಿರೇ ಮೂವರಿರುವುದರಿಂದ ಕೊನೆಗೆ ಎಲ್ಲರಿಗೂ ಟೋಕನ್ ನಂಬರು ಕೊಟ್ಟೆ. ಅಂಕಿಗಳನ್ನು ಕನ್ನಡದಲ್ಲಿ ಬರೆಯುವ ಆಸೆಯನ್ನೂ ಬಿಡಬೇಕಾಯಿತು. ಕನ್ನಡದ ಅಂಕಿಯನ್ನು ಸ್ಕ್ರಿಪ್ಟು ಸಂಖ್ಯೆಯೆಂದು ಒಪ್ಪುವುದಿಲ್ಲ.

ಸ್ಕ್ರಿಪ್ಟಿಗೆ ಇಳಿದದ್ದು 2022ರ ಕೊನೆಯಲ್ಲಿ. ಅದೇ ಹೊತ್ತಿಗೆ ಚಾಟ್‌ಜಿಪಿಟಿ ಬಂತು. ಅರ್ಧ ಕನ್ನಡ, ಅರ್ಧ ಹರಕು ಇಂಗ್ಲಿಷಿನಲ್ಲಿ ಕೇಳಿದರೂ ಕೋಡ್ ಬರೆದುಕೊಡುತ್ತಿತ್ತು. ಇನ್ನು ಕಲಿಯುವುದೇಕೆ ಎಂದು ಹಲವರು ಅಂದರು. ಆದರೆ ಅದು ಕೊಟ್ಟ ಮೊದಲ ಬಟವಾಡೆ ಸ್ಕ್ರಿಪ್ಟು ಭಾನುವಾರದಿಂದ ವಾರ ಹಿಡಿದಿತ್ತು. ನಮ್ಮ ತೋಟದ ವಾರ ಗುರುವಾರದಿಂದ ಬುಧವಾರಕ್ಕೆ. ಅದನ್ನು ತಿದ್ದಿಸಿದ ಮೇಲೂ ಜನವರಿ ಒಂದಕ್ಕೆ ವಾರದ ಎಣಿಕೆ ಮತ್ತೆ ಒಂದರಿಂದ ಶುರುವಾಗಿ, ಹೊಸ ವರ್ಷ ನಡುವೆ ಬಿದ್ದ ವಾರ ಎರಡು ಹೋಳಾಯಿತು. ಕೊಯ್ಲಂತೂ ನವೆಂಬರಿನಿಂದ ಫೆಬ್ರವರಿಯವರೆಗೆ ನಡೆಯುವಂಥದ್ದು. ಕ್ಯಾಲೆಂಡರಿನ ವಾರವನ್ನೇ ಬಿಟ್ಟು, ಕೊಯ್ಲಿನ ಮೊದಲ ಗುರುವಾರದಿಂದ ಎಷ್ಟು ದಿನ ಕಳೆದವೋ ಅದನ್ನು ಏಳರಿಂದ ಭಾಗಿಸುವಂತೆ ನಾನೇ ಬರೆದೆ. ಹಳೆಯ ಪುಸ್ತಕ ಪಕ್ಕದಲ್ಲಿ ಇರದಿದ್ದರೆ ಅಂದವಾಗಿ ಕಾಣುತ್ತಿದ್ದ ಆ ತಪ್ಪು ಕೋಡನ್ನು ಹಾಗೆಯೇ ಒಪ್ಪಿಕೊಂಡುಬಿಡುತ್ತಿದ್ದೆ. ಅಂದಹಾಗೆ, ಆಳುಗಳ ಹೆಸರು, ಬ್ಯಾಂಕ್ ಖಾತೆ, ಆಧಾರ್ ಇವನ್ನು ಚಾಟ್‌ಜಿಪಿಟಿಗೆ ಅಂಟಿಸಬಾರದು. ಟೋಕನ್ ನಂಬರು ಸಾಕು.

ಸ್ಕ್ರಿಪ್ಟು ಮೊದಮೊದಲು ಅರ್ಧಕ್ಕೇ ನಿಲ್ಲುತ್ತಿತ್ತು. ಶೀಟ್ಸ್‌ನ ಸ್ಕ್ರಿಪ್ಟುಗಳನ್ನು ಓಡಿಸುವ ಗೂಗಲ್‌ನ ಆ್ಯಪ್ಸ್ ಸ್ಕ್ರಿಪ್ಟ್ ಒಮ್ಮೆಗೆ ಆರು ನಿಮಿಷಕ್ಕಿಂತ ಹೆಚ್ಚು ಓಡಲು ಬಿಡುವುದಿಲ್ಲ. ನಾನು ಒಂದೊಂದೇ ಮನೆಯನ್ನು ಓದಿಸುತ್ತಿದ್ದುದರಿಂದ ಕೊಯ್ಲಿನ ನಡುಭಾಗಕ್ಕೆ ಬರುವಷ್ಟರಲ್ಲಿ ಹೊತ್ತು ಮುಗಿಯುತ್ತಿತ್ತು. ಇಡೀ ಹಾಳೆಯನ್ನು ಒಂದೇ ಸಲಕ್ಕೆ ಓದಿಸಿದ ಮೇಲೆ ಕೆಲವೇ ಸೆಕೆಂಡುಗಳ ಕೆಲಸವಾಯಿತು. ರಾತ್ರಿ ಎಂಟರ ನಂತರ ಮಾಲೀಕರಿಗೆ ಹೋಗಬೇಕಾದ ದಿನದ ವರದಿ ಮರುದಿನ ಬೆಳಿಗ್ಗೆ ಒಂಬತ್ತೂವರೆ ಕಳೆದ ಮೇಲೆ ಹೋಗುತ್ತಿದ್ದುದಕ್ಕೂ ಕಾರಣ ಅಮೆರಿಕವೇ, ಸ್ಕ್ರಿಪ್ಟಿನ ಗಡಿಯಾರ ಅಲ್ಲಿನ ಪಶ್ಚಿಮ ತೀರದ್ದಾಗಿತ್ತು. ಲೊಕೇಲ್ ಬದಲಿಸಿದರೆ ಸಾಲದು, ಟೈಮ್‌ಝೋನನ್ನು ಹಾಳೆಯಲ್ಲೂ ಸ್ಕ್ರಿಪ್ಟಿನಲ್ಲೂ ಬೇರೆ ಬೇರೆಯಾಗಿ ಬದಲಿಸಬೇಕು.

ತೂಕದ ಜಾಗದಲ್ಲೇ ಫೋನಿನಲ್ಲಿ ಏರಿಸುವ ಪ್ರಯತ್ನವನ್ನೂ ಮಾಡಿದ್ದುಂಟು. ಗೂಗಲ್ ಫಾರ್ಮ್‌ಗೆ ನೆಟ್‌ವರ್ಕ್ ಬೇಕೇ ಬೇಕು, ನಮ್ಮ ಕಣದಲ್ಲಿ ಅದು ಸಿಗುವುದು ನೀರಿನ ಟ್ಯಾಂಕಿನ ಮೇಲೆ ಹತ್ತಿದರೆ ಮಾತ್ರ. ನೆಟ್ ಇಲ್ಲದೆಯೂ ತುಂಬಬಹುದಾದ ಓಡಿಕೆ ಕಲೆಕ್ಟ್ ಎಂಬ ಆ್ಯಪು ಚೆನ್ನಾಗಿಯೇ ನಡೆಯಿತು, ಆದರೂ ಕೈಬಿಟ್ಟೆ. ಕಾರಣ ತಂತ್ರಜ್ಞಾನದ್ದಲ್ಲ. ಚೀಲ ತಕ್ಕಡಿಗೇರಿದಾಗ ಕೊಯ್ದ ಹೆಂಗಸು ಪುಸ್ತಕದೊಳಗೆ ಇಣುಕಿ, ತನ್ನ ನಂಬರಿನ ಮುಂದೆ ತೂಕ ಬಿದ್ದದ್ದನ್ನು ನೋಡಿಯೇ ಹಿಂದೆ ಸರಿಯುವುದು ರೂಢಿ. ಫೋನಿನ ಮೇಲೆ ಬೆರಳಾಡಿಸಿದರೆ "ಎಷ್ಟು ಬರ್ಕೊಂಡ್ರಿ, ತೋರ್ಸಿ" ಎಂದು ಪ್ರತಿಯೊಬ್ಬರೂ ಕೇಳತೊಡಗಿ ಸಾಲು ಕತ್ತಲಾದರೂ ಕರಗಲಿಲ್ಲ. ಅವರ ಅನುಮಾನ ನ್ಯಾಯವಾದದ್ದೇ. ಈಗಲೂ ತೂಕ ಕಾಗದದ ಮೇಲೆ ಬೀಳುತ್ತದೆ, ರಾತ್ರಿ ಅರ್ಧ ಗಂಟೆಯಲ್ಲಿ ಅದನ್ನು ಶೀಟಿಗೆ ಏರಿಸುತ್ತೇನೆ. ಮೊದಲು ಬಟವಾಡೆಯ ಹಿಂದಿನ ರಾತ್ರಿ ಹನ್ನೊಂದು, ಹನ್ನೆರಡರವರೆಗೆ ಕೂರುತ್ತಿದ್ದೆ. ಈಗ ಊಟಕ್ಕೆ ಮುಂಚೆ ಮುಗಿಯುತ್ತದೆ.

ನಡುವೆ ಕೆಲವು ಅಡ್ಡದಾರಿಗಳನ್ನೂ ಹಿಡಿದೆ. ತೋಟದ ಮಳೆ ಪುಸ್ತಕ ಇಪ್ಪತ್ತು ವರ್ಷಕ್ಕೂ ಹಿಂದಿನಿಂದ ಇದೆ, ಎಲ್ಲವೂ ಇಂಚು ಮತ್ತು ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗವೇ ಸೆಂಟು). ಅದರ ಫೋಟೋ ತೆಗೆದು ಗೂಗಲ್ ಲೆನ್ಸ್‌ನಿಂದ ಓದಿಸಲು ನೋಡಿದರೆ, ಹಿಂದಿನ ರೈಟರ ಮೋಡಿ ಅಕ್ಷರದ ಮುಂದೆ ಅದು ಸೋತಿತು. ಕೂತು ಕೈಯಿಂದಲೇ ಏರಿಸಿದೆ. ಒಂದು ಸೆಂಟಿಗೆ 0.254 ಮಿಲಿಮೀಟರಿನಂತೆ ಪರಿವರ್ತಿಸಿ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕದ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದಾಗ, ಜುಲೈ ತಿಂಗಳಲ್ಲಿ ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಹೋಗುತ್ತವೆ, ಕಾಫಿ ಹೂವರಳಿಸುವ ಮಾರ್ಚ್ ಏಪ್ರಿಲ್‌ನ ಹೂಮಳೆಯಲ್ಲಿ ಮಾತ್ರ ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ. ಹೂಮಳೆ ಒಂದು ಗುಡ್ಡಕ್ಕೆ ಬಿದ್ದು ಮುಂದಿನ ಗುಡ್ಡವನ್ನು ಬಿಡುತ್ತದೆ ಎಂದು ಬೆಳೆಗಾರರು ಹೇಳುತ್ತ ಬಂದದ್ದು ನಮ್ಮ ಪುಸ್ತಕದ ಮಟ್ಟಿಗಂತೂ ನಿಜ. ಇನ್ನೊಂದು ಪ್ರಯೋಗ ಕಣದಲ್ಲಿ ತೇವಾಂಶ ಅಳೆಯುವುದು. ಇಎಸ್‌ಪಿ 32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಒಂದು ಸೆನ್ಸರು, ಡಬ್ಬಿ, ವೈರು ಸೇರಿ ಸಾವಿರದೈನೂರರ ಒಳಗೆ ಮುಗಿದು, ಒಂದು ಬೇಸಿಗೆ ಚೆನ್ನಾಗಿ ನಡೆಯಿತು. ಮಳೆಗಾಲದಲ್ಲಿ ಡಬ್ಬಿಯೊಳಗೆ ಇರುವೆ ಗೂಡು ಕಟ್ಟಿದವು. ಮತ್ತೆ ಕೈಹಾಕಿಲ್ಲ.

2022-23ರ ಕೊಯ್ಲಿನಲ್ಲಿ ಪುಸ್ತಕ ಮತ್ತು ಶೀಟು ಎರಡನ್ನೂ ಜೊತೆಜೊತೆಗೆ ನಡೆಸಿದೆ. ಆ ಕೊಯ್ಲಿನಲ್ಲಿ ಎರಡು ಸಲ ವ್ಯತ್ಯಾಸ ಬಂದಾಗಲೂ ತಪ್ಪು ಪುಸ್ತಕದ ಕೂಡಿಕೆಯಲ್ಲಿತ್ತು ಎಂಬುದು ಮಾಲೀಕರಿಗೆ ತಿಳಿದ ದಿನವೇ ಮುಂದಿನ ಕೊಯ್ಲಿನಿಂದ ಶೀಟು ಸಾಕು ಎಂಬ ಅಪ್ಪಣೆಯಾಯಿತು. ತಿಥಿಯ ಮಾತಾಡಿದ ರೈಟರು ಮೊದಲ ಗಿರಾಕಿಯಾದರು. ಒಂದು ತೋಟಕ್ಕೆ ಹಾಳೆ ಹೊಂದಿಸಿಕೊಡಲು ಮೂರು ಸಾವಿರ ತೆಗೆದುಕೊಳ್ಳುತ್ತೇನೆ, ಕೊಯ್ಲಿನ ನಡುವೆ ಕೆಟ್ಟರೆ ನೋಡಿಕೊಡಲು ಬೇರೆ ಹಣವಿಲ್ಲ. ಕಳೆದ ವರ್ಷದ ಕೊನೆಗೆ ಕೋಚಿಂಗಿನ ಹದಿನೆಂಟು ಸಾವಿರ ಹೆಚ್ಚುಕಡಿಮೆ ವಾಪಸ್ಸು ಬಂದಿದೆ.

ಹಲವು ಕಂತಿನ ಅಡ್ವಾನ್ಸನ್ನು, ಆಳಿನ ಕೈಗೆ ವಾರಕ್ಕೆ ಇಷ್ಟಾದರೂ ಉಳಿಯುವಂತೆ ತಾನಾಗಿ ಮುರಿದುಕೊಳ್ಳುವ ಕಾಲಮ್ಮನ್ನು ಹೇಗೆ ಕಟ್ಟಿದೆ ಎಂಬುದನ್ನೂ, ರಜೆ ಮೇಲೆ ಊರಿಗೆ ಹೋದವರ ಲೆಕ್ಕ ತೆರೆದಿಡುವ ಉಪಾಯವನ್ನೂ ಇಲ್ಲಿ ಬರೆಯುವುದಿಲ್ಲ, ಗಿರಾಕಿಗಳು ಹಣ ಕೊಡುವುದೇ ಅದಕ್ಕೆ. ಕಲಿಯಲೆಂದೇ ಬರುವ ರೈಟರುಗಳಿಗೆ ಮಾತ್ರ ಕೂತು ತೋರಿಸುತ್ತೇನೆ. ಅವರು ಲ್ಯಾಪ್‌ಟಾಪ್ ತರದಿದ್ದರೂ ನಡೆಯುತ್ತದೆ. ತಮ್ಮದೇ ತೋಟದ, ಚುಕ್ತಾ ಆದ ಒಂದು ಕೊಯ್ಲಿನ ಪುಸ್ತಕ ತರಬೇಕು, ಮತ್ತು ಅದನ್ನು ಹೊರಗೆ ಒಯ್ಯಲು ಮಾಲೀಕರನ್ನು ಕೇಳಿಕೊಂಡೇ ಬರಬೇಕು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನನಗೆ ಬಿಡುವಿರುತ್ತದೆ, ನವೆಂಬರ್ ಹತ್ತಿರ ಬಂದ ಮೇಲೆ ಆಗುವುದಿಲ್ಲ.