‘ಹೊರಕಡೆಗೆ ಹೋಗ್ಬೇಕು’ ಅಂದರೆ ಏನು?

ಅಮ್ಮನಿಗೆ ಈಗ 79. ತಿಪಟೂರು ಕಡೆಯ ಹಳ್ಳಿಯವರು. ಅಪ್ಪ ಹೋದ ಮೇಲೆ ಬೆಂಗಳೂರಿಗೆ ಬಂದು ನಮ್ಮ ಜೊತೆ ಇದ್ದರು. ಮೊದಮೊದಲು ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಆಮೇಲೆ ಗ್ಯಾಸ್ ಆರಿಸುವುದನ್ನೇ ಮರೆತರು. ಅರಳುಮರಳು, ವಯಸ್ಸಾಯ್ತಲ್ವಾ ಅಂತ ಎರಡು ವರ್ಷ ಸುಮ್ಮನೆ ಇದ್ದುಬಿಟ್ಟೆವು. ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದಾಗ ಆಲ್ಝೈಮರ್ಸ್ ಅಂದರು. ಆರು ವರ್ಷ ಮನೆಯಲ್ಲೇ ನೋಡಿಕೊಂಡೆ. ಹೋದ ವರ್ಷ ಒಂದು ರಾತ್ರಿ ಎರಡು ಗಂಟೆಗೆ ಚಿಲಕ ತೆಗೆದು ಹೊರಟುಬಿಟ್ಟಿದ್ದರು. ರಿಂಗ್ ರೋಡಿನ ಪಕ್ಕದಲ್ಲಿ ಸಿಕ್ಕಿದರು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಇಂಥವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಜಾಗಕ್ಕೆ ಸೇರಿಸುವುದು ಅಂತ ಅವತ್ತೇ ತೀರ್ಮಾನ ಮಾಡಿದೆ.

ಹೆತ್ತ ತಾಯಿಯನ್ನು ಆಶ್ರಮಕ್ಕೆ ಹಾಕ್ತೀಯಾ ಅಂತ ನೆಂಟರು ಕೇಳಿದರು. ತುಂಬಾ ನೋವಾಯಿತು. 2023ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 88 ಲಕ್ಷ ಹಿರಿಯರಿಗೆ ಡಿಮೆನ್ಷಿಯಾ, ಅಂದರೆ ಆಲ್ಝೈಮರ್ಸ್ ಥರದ ಮರೆವಿನ ಕಾಯಿಲೆ ಇದೆ. ಅಷ್ಟೂ ಮನೆಗಳಲ್ಲಿ ಯಾರೋ ಒಬ್ಬರು, ಹೆಚ್ಚಾಗಿ ಮಗಳೋ ಸೊಸೆಯೋ, ರಾತ್ರಿ ನಿದ್ದೆಗೆಟ್ಟು ಕೂತಿರುತ್ತಾರೆ. ಅದನ್ನು ಯೋಚಿಸಿದ ಮೇಲೆ ಸ್ವಲ್ಪ ಧೈರ್ಯ ಬಂತು.

ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿದೆ, ಡಾಕ್ಟರನ್ನು ಕೇಳಿದೆ, ಗೊತ್ತಿದ್ದವರನ್ನೆಲ್ಲ ವಿಚಾರಿಸಿದೆ. ಮೂರು ವಾರದಲ್ಲಿ ಐದು ಕಡೆ ನೋಡಿದೆ. ದೊಡ್ಡ ಜಾಗದಲ್ಲಿ ಅಮ್ಮ ಕಳೆದುಹೋಗುತ್ತಾರೆ ಅನ್ನಿಸಿ, ಹತ್ತು ಹನ್ನೆರಡು ಜನ ಇರುವ, ಮನೆ ಥರದ ಜಾಗಗಳನ್ನೇ ಹುಡುಕಿದೆ. ಮೊದಲ ಎರಡು ಕಡೆ ಹೇಳಿಯೇ ಹೋಗಿದ್ದೆ, ಬೆಳಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಎಲ್ಲರಿಗೂ ಸ್ನಾನ ಆಗಿರುತ್ತದೆ, ತಲೆ ಬಾಚಿರುತ್ತಾರೆ, ಟಿವಿಯಲ್ಲಿ ಭಜನೆ ಹಾಕಿರುತ್ತಾರೆ. ಏನೂ ಗೊತ್ತಾಗುವುದಿಲ್ಲ.

ಮೂರನೆಯದಕ್ಕೆ ಹೇಳದೆ, ಸಂಜೆ ಐದೂವರೆಗೆ ಹೋದೆ. ಮರೆವಿನ ಕಾಯಿಲೆಯವರನ್ನು ನೋಡಿಕೊಂಡವರಿಗೆ ಆ ಹೊತ್ತು ಗೊತ್ತು. ಹೊತ್ತು ಮುಳುಗುತ್ತಿದ್ದಂತೆ ಚಡಪಡಿಕೆ ಶುರುವಾಗುತ್ತದೆ. ಮನೆಗೆ ಹೋಗಬೇಕು, ಮಕ್ಕಳು ಕಾಯ್ತಿದ್ದಾರೆ, ಹಾಲು ಕರೀಬೇಕು. ಅಲ್ಲಿ ಒಬ್ಬ ಅಜ್ಜಿಯನ್ನು ದುಪಟ್ಟಾದಿಂದ ಕುರ್ಚಿಗೆ ಕಟ್ಟಿದ್ದರು. ‘ಬೀಳ್ತಾರೆ ಮೇಡಂ, ಅದಕ್ಕೆ’ ಅಂದರು. ನಾನು ಇನ್ನೇನೂ ಕೇಳದೆ ಹೊರಗೆ ಬಂದೆ.

ನಾನು ಉಳಿದ ಎಲ್ಲ ಕಡೆಯೂ ಕೇಳಿದ ಪ್ರಶ್ನೆ ಒಂದಿತ್ತು, ಅದನ್ನೂ ಮ್ಯಾನೇಜರಿಗಲ್ಲ, ಆಯಾಗಳಿಗೆ. ‘ನಮ್ಮಮ್ಮ ಹೊರಕಡೆಗೆ ಹೋಗ್ಬೇಕು ಅಂದ್ರೆ ಏನ್ ಮಾಡ್ತೀರಾ?’ ನಮ್ಮೂರ ಕಡೆ ಅದಕ್ಕೆ ಒಂದೇ ಅರ್ಥ, ಕಕ್ಕಸಿಗೆ ಹೋಗಬೇಕು ಅಂತ. ಎರಡು ಕಡೆ ‘ಗಾರ್ಡನ್‌ನಲ್ಲಿ ಓಡಾಡಿಸ್ತೀವಿ’ ಅಂದರು. ಒಂದು ಕಡೆ ‘ಗೇಟಿಗೆ ಬೀಗ ಇರುತ್ತೆ, ಭಯ ಬೇಡ’ ಅಂದರು. ಕೆಟ್ಟವರೇನಲ್ಲ, ದೂರದ ಊರಿಂದ ದುಡಿಯಲು ಬಂದ ಹುಡುಗಿಯರು. ಆದರೆ ಅಮ್ಮ ಪೇಟೆಯಲ್ಲಿ ಕಲಿತಿದ್ದ ಚೂರುಪಾರು ಹಿಂದಿ ಪೂರ್ತಿ ಹೋಗಿದೆ. ಈಗ ಉಳಿದಿರುವುದು ಹಳ್ಳಿಯ ಕನ್ನಡ ಮಾತ್ರ.

ಇದು ಬರೀ ಭಾಷೆಯ ವಿಷಯ ಅಲ್ಲ. ಹೇಳಿದ್ದು ಅರ್ಥವಾಗದಿದ್ದರೆ ಡೈಪರ್ ಒದ್ದೆಯಾಗುತ್ತದೆ. ಒದ್ದೆಯಲ್ಲೇ ಕೂತರೆ ಮೂತ್ರದ ಸೋಂಕು ಬರಬಹುದು. ಇಂಥವರಿಗೆ ಸೋಂಕಾದರೆ ಒಮ್ಮೊಮ್ಮೆ ಜ್ವರಕ್ಕಿಂತ ಮೊದಲು ಗೊಂದಲವೇ ಜಾಸ್ತಿಯಾಗುತ್ತದೆ, ಕೂಗಾಡುತ್ತಾರೆ. ಕೂಗಾಡಿದರೆ ಮಾತ್ರೆ ಕೊಟ್ಟು ಮಲಗಿಸುತ್ತಾರೆ. ಆ ಮಾತ್ರೆಗಳಲ್ಲಿ ಕೆಲವು ಡಿಮೆನ್ಷಿಯಾ ಇರುವ ವಯಸ್ಸಾದವರಿಗೆ ಜೀವಕ್ಕೇ ಅಪಾಯ ತರಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಹಾಗಾಗಿ ನಿದ್ದೆ ಮಾತ್ರೆ, ಮನಸ್ಸು ತಣಿಸುವ ಮಾತ್ರೆ ಯಾರ ಚೀಟಿಯ ಮೇಲೆ ಕೊಡ್ತೀರಿ, ಕೊಡುವ ಮೊದಲು ನನಗೆ ಹೇಳ್ತೀರಾ ಅಂತ ಬಾಯಿ ಬಿಟ್ಟು ಕೇಳಿದೆ. ಕೇಳಲು ಸಂಕೋಚ ಬೇಡ.

ಐದನೆಯ ಜಾಗ ಮಾಮೂಲಿ ಎರಡಂತಸ್ತಿನ ಮನೆ, 11 ಜನ. ಅಲ್ಲಿಗೂ ಸಂಜೆಯೇ ಹೋದೆ. ಒಬ್ಬ ಅಜ್ಜಿ ಬಾಗಿಲ ಹತ್ತಿರ ನಿಂತು, ಕರು ಬಿಚ್ಚಿಕೊಂಡಿದೆ, ಹೋಗ್ಬೇಕು ಅಂತ ಒಂದೇ ಸಮ ಹೇಳುತ್ತಿದ್ದರು. ಕೆ.ಆರ್. ಪೇಟೆ ಕಡೆಯ ಒಬ್ಬಾಕೆ ಮೊರದಲ್ಲಿ ಅವರೆಕಾಯಿ ಹಾಕಿಕೊಂಡು ಬಂದು ನೆಲದ ಮೇಲೆ ಕೂತಳು. ‘ಅಜ್ಜಿ, ಕರು ಕಟ್ಟಿ ಬಂದೆ. ಇದೊಂಚೂರು ಬಿಡಿಸ್ಕೊಡಿ, ನಂಗೆ ಒಬ್ಬಳಿಗೆ ಆಗಲ್ಲ.’ ಅಜ್ಜಿ ಒಂದು ನಿಮಿಷ ಅವಳನ್ನೇ ನೋಡಿದರು. ಮೆಲ್ಲಗೆ ಕುರ್ಚಿಯಲ್ಲಿ ಕೂತು, ಮಡಿಲಿಗೆ ಸೆರಗು ಹರಡಿಕೊಂಡು ಕಾಯಿ ಬಿಡಿಸತೊಡಗಿದರು. ನನ್ನ ಪ್ರಶ್ನೆ ಕೇಳಿದಾಗ ಆಕೆ ಕಾಯಿಯಿಂದ ಕಣ್ಣೂ ಎತ್ತಲಿಲ್ಲ. ‘ಬಾತ್‌ರೂಮಿಗೆ ತಾನೆ ಅಕ್ಕಾ?’ ಅಂದಳು.

ಅಷ್ಟಕ್ಕೇ ಒಪ್ಪಲಿಲ್ಲ. ಪುಟ್ಟ ಜಾಗಕ್ಕೂ ಅದರದೇ ಕಷ್ಟ ಇದೆ. ಮೂರು ಜನ ಆಯಾಗಳಲ್ಲಿ ಒಬ್ಬಳು ಊರಿಗೆ ಹೋದರೆ ಎಲ್ಲ ಏರುಪೇರು. ಹಬ್ಬದ ವಾರ ಯಾರಿರ್ತಾರೆ, ರಾತ್ರಿ ಎದ್ದೇ ಇರುವವರು ಎಷ್ಟು ಜನ, ಮಲಗಿರುವವರು ಎಷ್ಟು ಅಂತ ಕೇಳಿದೆ. ಬಾತ್‌ರೂಮಿಗೆ ಹೋಗಿ ಹಿಡಿಕಂಬಿ ಅಲ್ಲಾಡಿಸಿ ನೋಡಿದೆ. ಬಿದ್ದವರ ವಿವರ ಬರೆದಿಡುವ ಪುಸ್ತಕ ತೋರಿಸಿ ಅಂದೆ, ತೋರಿಸಿದರು. ಆ ವರ್ಷ ನಾಲ್ಕು ಸಲ ಬಿದ್ದಿದ್ದರು. ಅದನ್ನು ಮುಚ್ಚಿಡದೆ ತೋರಿಸಿದ್ದಕ್ಕೇ ನಂಬಿಕೆ ಬಂತು. ಯಾರೂ ಬೀಳಲ್ಲ ಅನ್ನುವವರನ್ನು ನಾನು ನಂಬುವುದಿಲ್ಲ.

ದುಡ್ಡಿನ ವಿಷಯ ಎಲ್ಲವನ್ನೂ ಬರೆಸಿಕೊಳ್ಳಿ. ಡೈಪರ್ ಯಾರ ಖರ್ಚು, ಆಸ್ಪತ್ರೆಗೆ ಸೇರಿಸಿದರೆ ಜೊತೆಗೆ ಯಾರಿರ್ತಾರೆ, ಡಿಪಾಸಿಟ್ ಯಾವಾಗ ವಾಪಸ್, ಕಾಯಿಲೆ ಯಾವ ಹಂತಕ್ಕೆ ಬಂದರೆ ಕರ್ಕೊಂಡು ಹೋಗಿ ಅಂತಾರೆ. ಕೊನೆಯದನ್ನು ಯಾರೂ ತಾವಾಗಿ ಹೇಳುವುದಿಲ್ಲ.

ಮೊದಲು ಎರಡು ವಾರ ನೋಡೋಣ ಅಂತ ಬಿಟ್ಟೆ. ನಾಲ್ಕು ದಿನ ಅಮ್ಮ ಸರಿಯಾಗಿ ಊಟ ಮಾಡಲಿಲ್ಲ, ನಾನೂ ಮಾಡಲಿಲ್ಲ. ಐದನೇ ದಿನ ಮುದ್ದೆ ಉಂಡರು ಅಂತ ಫೋನ್ ಬಂತು.

ಅಮ್ಮನ ಮಾತುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅವರ ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಹೊರಕಡೆ ಅಂದರೆ ಬಾತ್‌ರೂಮ್. ಕೊಟ್ಟಿಗೆ ಬಾಗಿಲು ಹಾಕು ಅಂದರೆ ಭಯವಾಗ್ತಿದೆ, ಪಕ್ಕದಲ್ಲಿ ಕೂತ್ಕೊಳ್ಳಿ. ಅಕ್ಕಯ್ಯ ಅಂದರೆ ನಾನು. ರಾತ್ರಿ ಪಾಳಿಯ ಒಡಿಶಾದ ಹುಡುಗಿ ಪಕ್ಕದಲ್ಲಿ ತನ್ನ ಅಕ್ಷರದಲ್ಲಿ ಅದನ್ನೇ ಬರೆದುಕೊಂಡಿದ್ದಾಳೆ. ಹೋದ ವಾರ ನೋಡಿದರೆ ಕೊನೆಯಲ್ಲಿ ಅವಳದೇ ಒಂದು ಸಾಲು ಜಾಸ್ತಿ ಇತ್ತು. ಏನಮ್ಮಾ ಇದು ಅಂದೆ. ಅಜ್ಜಿ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳೋಕೆ ಶುರು ಮಾಡಿದರೆ ಹಸಿವಾಗಿದೆ ಅಂತ ಅರ್ಥ, ಅಂದಳು. ಆರು ವರ್ಷ ನೋಡಿಕೊಂಡೂ ಇದು ನನಗೆ ಗೊತ್ತಾಗಿರಲಿಲ್ಲ.