ಹಿತ್ತಲಲ್ಲೊಂದು ಪುಟ್ಟ ಕೊಳ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನಿಂದ ಸ್ವಲ್ಪ ದೂರಕ್ಕೆ ಒಂದು ಕೊಳ ಇದೆ. 6 ಅಡಿ ಉದ್ದ, 4 ಅಡಿ ಅಗಲ, 2 ಅಡಿ ಆಳ. ಇದು ಎರಡನೇದು. ಮೊದಲನೇದನ್ನು ಕಣ್ಣಂದಾಜಲ್ಲೇ ಅಗೆದಿದ್ದೆ. ನೀರು ಬಿಟ್ಟ ದಿನ ನೋಡಿದರೆ ಕಾಂಪೌಂಡ್ ಕಡೆಯಿಂದ ನೀರು ಚೆಲ್ಲಿ ಹೋಗುತ್ತಿದೆ, ನುಗ್ಗೆಮರದ ಕಡೆ ಅರ್ಧ ಅಡಿ ಪ್ಲಾಸ್ಟಿಕ್ ಹಲ್ಲು ಕಿರಿಯುತ್ತಿದೆ. "ಓರೆ ಹಿಡಿದ ತಟ್ಟೆ ಥರ ಇದೆಯಲ್ಲೇ" ಅಂದರು ನಮ್ಮತ್ತೆ. ನುಗ್ಗೆ ಎಲೆ ಉದುರಿ ನೀರೆಲ್ಲ ಕೊಳೆತಿದ್ದು ಬೇರೆ.

ಹಾಗಾಗಿ ಜಾಗ ಮರದಿಂದ ದೂರ ಇರಲಿ. ದಿನಕ್ಕೆ 5-6 ಗಂಟೆ ಬಿಸಿಲು ಬೀಳಬೇಕು, ಇಲ್ಲದಿದ್ದರೆ ನೈದಿಲೆ ಬರೀ ಎಲೆ ಬಿಡುತ್ತದೆ. ಸಂಪಿನ ಪಕ್ಕ, ಯುಜಿಡಿ (ಒಳಚರಂಡಿ) ಪೈಪ್ ಹಾದುಹೋದ ಕಡೆ ಗುದ್ದಲಿ ಹಾಕಲೇಬೇಡಿ.

ಇನ್ನು ಮಟ್ಟ. ಗಾರೆ ಕೆಲಸದವರ ಹತ್ತಿರ ನೀರು ಕಾಣುವಂಥ ತೆಳು ಟ್ಯೂಬ್ ಇರುತ್ತದಲ್ಲ, ಅದನ್ನು ಕೇಳಿ ತನ್ನಿ. ನಾಲ್ಕು ಮೂಲೆಗೂ ಗೂಟ ಹೊಡೆಯಿರಿ. ಟ್ಯೂಬಿಗೆ ನೀರು ತುಂಬಿ, ಒಳಗೆ ಗುಳ್ಳೆ ಇಲ್ಲ ಅಂತ ನೋಡಿಕೊಳ್ಳಿ. ಒಂದು ತುದಿಯನ್ನು ಒಂದು ಗೂಟಕ್ಕೆ, ಇನ್ನೊಂದನ್ನು ಮತ್ತೊಂದಕ್ಕೆ ಹಿಡಿಯಿರಿ. ನೀರು ಅಲ್ಲಾಡೋದು ನಿಂತ ಮೇಲೆ ಎರಡೂ ಕಡೆ ಗುರುತು ಹಾಕಿ. ಮೊದಲ ಗೂಟದ ತುದಿ ಅಲ್ಲೇ ಇರಲಿ, ಇನ್ನೊಂದು ತುದಿ ಹಿಡಿದು ಉಳಿದ ಗೂಟಗಳಿಗೂ ಹೋಗಿ. ಗುರುತಿಗೆ ಸರಿಯಾಗಿ ದಾರ ಕಟ್ಟಿ. ದಾರದಿಂದ ನೆಲಕ್ಕೆ ಎಲ್ಲ ಕಡೆ ಒಂದೇ ಅಳತೆ ಬರಬೇಕು. ಬರದಿದ್ದರೆ ಉಬ್ಬಿದ ಕಡೆ ಕೆರೆಯಿರಿ. ತಗ್ಗಿಗೆ ಮಣ್ಣು ಪೇರಿಸಿದರೆ ಮೊದಲ ಮಳೆಗೇ ಕುಸಿಯುತ್ತದೆ. ಈ ಕೆಲಸಕ್ಕೆ ಇಬ್ಬರು ಬೇಕು. ನಮ್ಮಲ್ಲಿ ಯಜಮಾನರು ಒಂದು ತುದಿ ಹಿಡಿದು ಫೋನಲ್ಲಿ ಮಾತಾಡುತ್ತಾ ನಿಂತು ಮೂರು ಸಲ ನೀರು ಚೆಲ್ಲಿದರು.

ಅಗೆಯುವಾಗ ಒಂದು ಬದಿಯಲ್ಲಿ 1 ಅಡಿ ಆಳಕ್ಕೆ ಮೆಟ್ಟಿಲು ಬಿಡಿ. ಕುಂಡ ಇಡಬಹುದು, ಬಿದ್ದ ಅಳಿಲು ಹತ್ತಿ ಬರಬಹುದು. ಕಲ್ಲು, ಬೇರು ಎಲ್ಲ ಆರಿಸಿ, ತೆಳ್ಳಗೆ ಮರಳು ಹರಡಿ, ಮೇಲೆ ಗೋಣಿಚೀಲ ಹಾಸಿ. ನಾನು ಹಳೇ ಜಮಖಾನ ಹಾಕಿದೆ.

ಶೀಟು ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನಿನ ಕಪ್ಪು ಶೀಟೇ ಆಗಬೇಕು. ಲಾರಿಗೆ ಹೊದಿಸುವ ತೆಳು ನೀಲಿ ಟಾರ್ಪಾಲು ಬಿಸಿಲಿಗೆ ಪುಡಿಯಾಗುತ್ತದೆ. ಲೆಕ್ಕ ಸುಲಭ: ಉದ್ದಕ್ಕೆ ಆಳದ ಎರಡರಷ್ಟು ಸೇರಿಸಿ, ಅಂಚಿಗೆ 2 ಅಡಿ ಕೂಡಿಸಿ. ನನ್ನದು 6+4+2, ಅಂದರೆ 12 ಅಡಿ. ಅಗಲಕ್ಕೂ ಹಾಗೇ, 10 ಅಡಿ. ಹಾಸಿದ ತಕ್ಷಣ ಕತ್ತರಿ ಆಡಿಸಬೇಡಿ. ನೀರಿನ ಭಾರಕ್ಕೆ ಶೀಟು ಒಳಗೆ ಸರಿಯುತ್ತದೆ. ನೀರು ತುಂಬಿಸಿದ ಮಾರನೇ ದಿನ ಕತ್ತರಿಸಿ, ಅಂಚಿಗೆ ಚಪ್ಪಡಿ ಕಲ್ಲು ಹೇರಿ.

ನಲ್ಲಿಯಲ್ಲಿ ಬರೋ ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ತುಂಬಿಸಿ 2-3 ದಿನ ಸುಮ್ನೆ ಬಿಡಿ, ಆಮೇಲೆ ಮೀನು.

ನೈದಿಲೆ ಗಡ್ಡೆಯನ್ನು ಅಗಲದ ಪ್ಲಾಸ್ಟಿಕ್ ಬೇಸಿನ್ನಿನಲ್ಲಿ ಕೆರೆ ಗೋಡಿನಲ್ಲಿ ನೆಡಿ. ಕೊಟ್ಟಿಗೆ ಗೊಬ್ಬರ ಬೇಡ, ನೀರು ಹಸಿರಾಗುತ್ತದೆ. ತೆಂಗಿನ ನಾರಿನ ಪುಡಿಯೂ ಬೇಡ, ತೇಲಿ ಬರುತ್ತದೆ. ಮೇಲೆ ಒಂದು ಪದರ ಸಣ್ಣ ಜಲ್ಲಿ ಹರಡಿ. ಬೇಸಿನ್ನನ್ನು ಮೊದಲು ಇಟ್ಟಿಗೆ ಮೇಲಿಟ್ಟು, ಎಲೆ ನೀರ ಮೇಲೆ ಹರಡಿದ ಹಾಗೆ ಒಂದೊಂದೇ ಇಟ್ಟಿಗೆ ತೆಗೆಯಿರಿ. ಅರ್ಧದಷ್ಟು ನೀರನ್ನು ಎಲೆ ಮುಚ್ಚಿದರೆ ಪಾಚಿ ತಾನಾಗೇ ಕಡಿಮೆ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕಬ್ಬಿಣದ ಜಾಲರಿ ಹಾಕದೆ ನೀರು ತುಂಬಬೇಡಿ.

ಸೊಳ್ಳೆ ಮರಿಗೆ ಎಂಟು-ಹತ್ತು ಗಪ್ಪಿ ಮೀನು ಸಾಕು. ಬೇಗ ಮರಿ ಹಾಕುತ್ತವೆ. ಜಾಸ್ತಿಯಾದವು ಅಂತ ಕುಕ್ಕರಹಳ್ಳಿ ಕೆರೆಗೆ ಮಾತ್ರ ಸುರಿಯಬೇಡಿ, ಅಲ್ಲಿನ ಮೀನು, ಕಪ್ಪೆಗಳ ಪಾಡು ಅವಕ್ಕಿರಲಿ. ನಮ್ಮಲ್ಲಂತೂ ಜಾಸ್ತಿ ಆಗೋದೇ ಇಲ್ಲ. ಬೆಳಿಗ್ಗೆ ಏಳಕ್ಕೆ ಒಂದು ಮಿಂಚುಳ್ಳಿ ಬಟ್ಟೆ ತಂತಿ ಮೇಲೆ ಬಂದು ಕೂರುತ್ತದೆ.