ಅರ್ಧ ಮಿಲಿಮೀಟರ್ ಸಾಗವಾನಿಯ ಮೇಲೆ: ಹಳೆಯ ಸ್ಪೀಕರ್ ಪೆಟ್ಟಿಗೆಗಳನ್ನು ಸರಿಪಡಿಸಿದ ನನ್ನ ಅನುಭವ

ಶಿರಸಿಯ ಮನೆಯಲ್ಲಿ ದೊಡ್ಡಪ್ಪನವರು ಬಹಳ ವರ್ಷ ಜೋಪಾನ ಮಾಡಿದ್ದ ಜೋಡಿ ಸ್ಪೀಕರ್‌ಗಳು ಕಳೆದ ಬೇಸಿಗೆಯಲ್ಲಿ ನನ್ನ ಪಾಲಿಗೆ ಬಂದವು. ದೇವಿಮನೆ ಘಟ್ಟ ಇಳಿದು ಕಾರವಾರ ಸೇರುವಷ್ಟರಲ್ಲಿ ಟೆಂಪೋದಲ್ಲಿದ್ದ ಕಬ್ಬಿಣದ ಕಪಾಟಿನ ಮೂಲೆ ಒಂದು ಪೆಟ್ಟಿಗೆಯ ಪಕ್ಕಕ್ಕೆ ಬಡಿದು, ಬೆರಳುದ್ದದ ಸಾಗವಾನಿ ಹೊದಿಕೆಯನ್ನೇ ಕಿತ್ತುಹಾಕಿತ್ತು. ಇನ್ನೊಂದರ ಪಕ್ಕದಲ್ಲಿ ಹಗ್ಗದ ಗಂಟು ಒತ್ತಿ ತಗ್ಗು ಬಿದ್ದಿತ್ತು. ಎರಡರ ತಲೆಯ ಮೇಲೂ ಹೂದಾನಿ, ಬೀಗದ ಕೈ ಇಟ್ಟು ತೆಗೆದ ಹಳೆಯ ಗೀರುಗಳಿದ್ದವು. ಮಳೆಗಾಲದಲ್ಲಿ ನಮ್ಮ ಕರಾವಳಿಯ ಗಾಳಿಗೆ ಅಂಟೂ ಪಾಲಿಶೂ ಸರಿಯಾಗಿ ಒಣಗುವುದಿಲ್ಲವಾದ್ದರಿಂದ ದೀಪಾವಳಿ ಕಳೆಯುವವರೆಗೆ ಕಾದು ಕೆಲಸಕ್ಕೆ ಕೈಹಾಕಿದೆ.

ಮೊದಲು ಸ್ಪೀಕರ್‌ಗಳನ್ನು ಬಿಚ್ಚಿ, ಯಾವ ತಂತಿ ಯಾವ ತುದಿಗೆ ಎಂದು ಫೋಟೋ ತೆಗೆದುಕೊಂಡು, ಬೇರೆ ಕೋಣೆಯಲ್ಲಿ ಬಟ್ಟೆ ಮುಚ್ಚಿಟ್ಟೆ. ಅವುಗಳ ಅಯಸ್ಕಾಂತ ಕಬ್ಬಿಣದ ಪುಡಿಯನ್ನು ಎಳೆದುಕೊಳ್ಳುತ್ತದೆ. ಸುರುಳಿಯ ಸಂದಿಗೆ ಒಂದು ಚೂರು ಹೊಕ್ಕರೂ ದನಿ ಕರಕರ ಎನ್ನುತ್ತದೆ. ಅದೇ ಕಾರಣಕ್ಕೆ, ಪಾಲಿಶ್ ಉಜ್ಜಲು ಬಳಸುವ ಉಕ್ಕಿನ ನಾರನ್ನು (ಸ್ಟೀಲ್ ವುಲ್) ನಾನು ಈ ಕೆಲಸದಲ್ಲಿ ಬಳಸಲೇ ಇಲ್ಲ. ಹಿಂಬದಿಯ ಟರ್ಮಿನಲ್ ತಟ್ಟೆಯನ್ನು ತೆಗೆದಾಗ ಕೊರೆದ ಅಂಚಿನಲ್ಲಿ ಪದರಗಳು ಸ್ಪಷ್ಟವಾಗಿ ಕಂಡವು: ಒಳಗೆಲ್ಲ ಪಾರ್ಟಿಕಲ್ ಬೋರ್ಡ್ (ಮರದ ಚೂರುಗಳನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ), ಅದರ ಮೇಲೆ ಹೆಚ್ಚೆಂದರೆ ಅರ್ಧ ಮಿಲಿಮೀಟರ್ ದಪ್ಪದ ಸಾಗವಾನಿ. ಇಂಥ ಪೆಟ್ಟಿಗೆಯನ್ನು ರಿಪೇರಿ ಮಾಡುವವರು ಈ ಅಂಚನ್ನು ಒಮ್ಮೆ ಕಣ್ಣಾರೆ ನೋಡಿದ ಮೇಲೆಯೇ ಸ್ಯಾಂಡ್ ಪೇಪರ್ ಮುಟ್ಟಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಗೀರು ಎಷ್ಟು ಆಳವೆಂದು ತಿಳಿಯಲು ಅದರ ಮೇಲೆ ಟರ್ಪೆಂಟೈನ್ ಒರೆಸಿದೆ. ಒದ್ದೆಯಾದಾಗ ಮಾಯವಾದ ಗೀರುಗಳು ಪಾಲಿಶಿನಲ್ಲಿ ಮಾತ್ರ ಇದ್ದವು. ಒದ್ದೆಯಾದರೂ ಕಾಣುತ್ತ, ಉಗುರಿಗೆ ತಡೆಯುತ್ತ ಇದ್ದವು ಮರಕ್ಕೇ ತಾಗಿದ್ದವು. ಕೆಳಗಿನ ಅಂಚಿನಲ್ಲಿ ಸ್ಪಿರಿಟ್ ಹನಿಸಿದಾಗ ಪಾಲಿಶ್ ಅಂಟಂಟಾಯಿತು. ಹಾಗಾಗಿ ಅದು ಅರಗಿನ ಪಾಲಿಶ್ ಎಂದು ಗೊತ್ತಾಗಿ ಮನಸ್ಸಿಗೆ ಸಮಾಧಾನವಾಯಿತು, ಏಕೆಂದರೆ ಹಳೆಯ ಅರಗು ಹೊಸ ಅರಗಿನೊಂದಿಗೆ ಕರಗಿ ಒಂದಾಗುತ್ತದೆ.

ಹಗ್ಗದ ತಗ್ಗಿನಲ್ಲಿ ಮರದ ಎಳೆ ತುಂಡಾಗಿರಲಿಲ್ಲ, ಕೇವಲ ಅಮುಕಿತ್ತು. ಅಲ್ಲಿನ ಪಾಲಿಶನ್ನು ಸ್ಪಿರಿಟ್‌ನಿಂದ ಒರೆಸಿ ತೆಗೆದು, ಹಿಂಡಿದ ಹತ್ತಿ ಬಟ್ಟೆಯನ್ನು ಮಡಚಿಟ್ಟು, ಇಸ್ತ್ರಿ ಪೆಟ್ಟಿಗೆಯ ತುದಿಯನ್ನು 4-5 ಸೆಕೆಂಡು ಮಾತ್ರ ಒತ್ತಿ ತೆಗೆದೆ. ಹಬೆಗೆ ಎಳೆಗಳು ಉಬ್ಬಿ ಮೂರನೆಯ ಸಲಕ್ಕೆ ತಗ್ಗು ಬಹುಪಾಲು ಸಮವಾಯಿತು. ಇನ್ನೂ ಸ್ವಲ್ಪ ಉಳಿದಿದ್ದರೂ ಅಲ್ಲಿಗೇ ಬಿಟ್ಟೆ. ಹೆಚ್ಚು ಹಬೆ ಕೊಟ್ಟರೆ ಅಡಿಯ ಅಂಟು ಸಡಿಲವಾಗುತ್ತದೆ, ನೀರು ಕುಡಿದ ಪಾರ್ಟಿಕಲ್ ಬೋರ್ಡ್ ಊದಿಕೊಂಡರೆ ಮತ್ತೆ ಇಳಿಯುವುದಿಲ್ಲ.

ಕಿತ್ತುಹೋದ ಜಾಗದಲ್ಲಿ ನಾನು ಮೊದಲು ಮಾಡಿದ್ದು ತಪ್ಪು. ಸಾಗವಾನಿ ಹೊಟ್ಟನ್ನು ಫೆವಿಕಾಲಿನಲ್ಲಿ ಕಲಸಿ ತುಂಬಿದೆ. ಒಣಗಿದ ಮೇಲೆ ಅದು ಎಳೆಯೇ ಇಲ್ಲದ ಕಪ್ಪು ಕಲೆಯಾಗಿ ನಿಂತಿತು. ಅಂಟು ಬಣ್ಣವನ್ನು ಹೀರುವುದಿಲ್ಲವಾದ್ದರಿಂದ ಬಣ್ಣ ಹಚ್ಚಿದಷ್ಟೂ ಸುತ್ತಲಿನ ಮರವೇ ಗಾಢವಾಯಿತು. ಎಲ್ಲವನ್ನೂ ಕೆರೆದು ತೆಗೆದು, ತೇಪೆ ಹಾಕಲು ನಿರ್ಧರಿಸಿದೆ. ಪ್ಲೈವುಡ್ ಅಂಗಡಿಯಲ್ಲಿ ಸಿಕ್ಕ ಸಾಗವಾನಿ ವಿನೀರ್ (ಹೊದಿಕೆಗೆ ಬಳಸುವ ತೆಳು ಮರದ ಹಾಳೆ) ತುಂಡುಗಳಲ್ಲಿ ಎಳೆಯ ಅಂತರ ಹೊಂದುವಂಥದ್ದನ್ನು ಆರಿಸಿ, ಎರಡು ವಾರ ಗಾಜಿನ ಕೆಳಗೆ ಬಿಸಿಲಿಗಿಟ್ಟೆ. ಹೊಸದಾಗಿ ಸೀಳಿದ ಸಾಗವಾನಿಯ ಬಣ್ಣ ಒಂದೇ ಸಮ ಇರುವುದಿಲ್ಲ. ಬೆಳಕು ಬಿದ್ದಂತೆ ಹೊಂಬಣ್ಣಕ್ಕೆ ತಿರುಗುತ್ತದೆ.

ತೇಪೆಯನ್ನು ಚೌಕವಾಗಿ ಕೊಯ್ಯಲು ಹೊರಟಿದ್ದೆ. ನಮ್ಮ ಕೇರಿಯ ಹಿರಿಯ ಆಚಾರಿಯೊಬ್ಬರು ನೋಡಿ, "ಎಳೆಗೆ ಅಡ್ಡ ಕೊಯ್ಯಬೇಡ ತಮಾ, ಕಣ್ಣು ಅಲ್ಲೇ ಹೋಗಿ ನಿಂತ್ಕಳ್ತದೆ" ಎಂದರು. ಅವರು ಹೇಳಿದಂತೆ ದೋಣಿಯ ಆಕಾರಕ್ಕೆ, ಎರಡೂ ತುದಿ ಚೂಪಾಗಿ, ಎಳೆಯ ಉದ್ದಕ್ಕೆ ಕೊಯ್ದೆ. ಅದನ್ನು ಗಾಯದ ಮೇಲೆ ಟೇಪಿನಿಂದ ಹಿಡಿಸಿ, ಹೊಸ ಬ್ಲೇಡಿನ ತುದಿಯಿಂದ ಅಂಚಿನ ಸುತ್ತ ಹಳೆಯ ವಿನೀರಿನ ಮೇಲೆ ಮೂರು ನಾಲ್ಕು ಸಲ ಹಗುರವಾಗಿ ಗೆರೆ ಎಳೆದು, ಒಳಗಿನ ಭಾಗವನ್ನು ಸಣ್ಣ ಉಳಿಯಿಂದ ಎಬ್ಬಿಸಿದೆ. ಪಾರ್ಟಿಕಲ್ ಬೋರ್ಡ್ ಉದುರಿದ್ದ ತಗ್ಗಿಗೆ ಅರಾಲ್ಡೈಟ್ ಅಂಟು ಮತ್ತು ಮರದ ಪುಡಿಯನ್ನು ತುಂಬಿ ಒಂದು ದಿನ ಗಟ್ಟಿಯಾಗಲು ಬಿಟ್ಟು ಸಮ ಮಾಡಿದೆ. ತೇಪೆ ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಎತ್ತರ ನಿಲ್ಲಬೇಕು; ತಗ್ಗಾದರೆ ಸುತ್ತಲಿನ ಹಳೆಯ ಮರವನ್ನು ಉಜ್ಜಬೇಕಾಗುತ್ತದೆ. ಅಂಟು ಹಚ್ಚಿ, ಪ್ಲಾಸ್ಟಿಕ್ ಹಾಳೆ ಮತ್ತು ಸಪಾಟಾದ ಹಲಗೆಯಿಟ್ಟು, ಮೇಲೆ ಅರ್ಧ ಚಿರೆಕಲ್ಲು ಹೇರಿ ರಾತ್ರಿಯಿಡೀ ಬಿಟ್ಟೆ.

ಮರುದಿನ 320ರ ನಯವಾದ ಸ್ಯಾಂಡ್ ಪೇಪರನ್ನು ಮರದ ತುಂಡಿಗೆ ಸುತ್ತಿ, ಎಳೆಯ ಗುಂಟ ಮಾತ್ರ ಉಜ್ಜಿ ಮಟ್ಟ ಮಾಡಿದೆ. ಅಷ್ಟು ಎಚ್ಚರ ವಹಿಸಿದವನು ಇನ್ನೊಂದು ಪೆಟ್ಟಿಗೆಯ ಮೂಲೆಯಲ್ಲಿ ಒಂದು ಗೀರನ್ನು ಬೆರಳಿನಿಂದಲೇ ಒತ್ತಿ ಉಜ್ಜಿದೆ; ಕಡಲೆಬೇಳೆಯಷ್ಟು ಜಾಗದಲ್ಲಿ ವಿನೀರ್ ಸವೆದು ಕಂದು ಬೋರ್ಡ್ ಇಣುಕಿತು. ಅಲ್ಲಿ ಮೊದಲು ಅರಗು ಹಚ್ಚಿ ಒಣಗಿಸಿ, ಅದರ ಮೇಲೆ ನೀರಿನ ಬಣ್ಣದಿಂದ, ಅತಿ ಸಣ್ಣ ಕುಂಚದಲ್ಲಿ ಎಳೆಗಳನ್ನು ಬರೆದೆ. ಅರಗಿನ ಪದರ ಕೆಳಗಿದ್ದುದರಿಂದ ತಪ್ಪಿದ ಗೆರೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಲು ಸಾಧ್ಯವಾಯಿತು. ಐದನೆಯ ಸಲ ಒಪ್ಪಿಗೆಯಾಯಿತು.

ಪಾಲಿಶಿಗೆ 100 ಮಿಲಿಲೀಟರ್ ಸ್ಪಿರಿಟ್‌ನಲ್ಲಿ 15 ಗ್ರಾಂ ಅರಗನ್ನು ಹಿಂದಿನ ರಾತ್ರಿ ನೆನೆಹಾಕಿ ಸೋಸಿಕೊಂಡೆ. ಹತ್ತಿಯುಂಡೆಗೆ ಹಳೆಯ ಪಂಚೆಯ ಬಟ್ಟೆ ಸುತ್ತಿ, ತೆಳ್ಳಗೆ ಏಳೆಂಟು ಸಲ ಎಳೆದೆ. ಒಂದು ಸಂಜೆ ಕಡಲ ಗಾಳಿ ತಿರುಗಿದ ಮೇಲೂ ಕೆಲಸ ಮುಂದುವರಿಸಿದ್ದರಿಂದ ಮೇಲ್ಮೈ ಹಾಲಿನಂತೆ ಬೆಳ್ಳಗಾಯಿತು. ಸ್ಪಿರಿಟ್ ಆರುವಾಗ ತಣ್ಣಗಾಗುವ ಮರದ ಮೇಲೆ ಗಾಳಿಯ ತೇವ ಕೂತು ಹೀಗಾಗುತ್ತದೆ. ಮರುದಿನ ಬಿಸಿಲೇರಿದ ಮೇಲೆ ಸ್ಪಿರಿಟ್ ತಾಗಿಸಿದ ಉಂಡೆಯನ್ನು ಹಗುರವಾಗಿ ಆಡಿಸಿದಾಗ ಬಿಳುಪು ಹೋಯಿತು. ಆಮೇಲೆ ಬೆಳಗಿನ 11ರಿಂದ ಮಧ್ಯಾಹ್ನ 3ರ ಒಳಗೆ ಮಾತ್ರ ಪಾಲಿಶ್ ಮುಟ್ಟಿದೆ. ಉಗುರಿಗೆ ತಡೆಯುವ ಗೀರುಗಳಿಗೆ ಜೇನುಮೇಣದಲ್ಲಿ ಕಾವಿ ಮಣ್ಣು ಮತ್ತು ಚಿಟಿಕೆ ಮಸಿ ಬೆರೆಸಿ ತುಂಬಿದ್ದು ಕಟ್ಟಕಡೆಗೆ, ಏಕೆಂದರೆ ಮೇಣದ ಮೇಲೆ ಪಾಲಿಶ್ ಸರಿಯಾಗಿ ಹಿಡಿಯುವುದಿಲ್ಲ.

ಸ್ಪೀಕರ್‌ಗಳನ್ನು ಮರಳಿ ಕೂರಿಸುವಾಗ ಸ್ಕ್ರೂಗಳನ್ನು ಕೈಯಿಂದಲೇ ಬಿಗಿ ಮಾಡಿದೆ, ಹಳೆಯ ಪಾರ್ಟಿಕಲ್ ಬೋರ್ಡಿನಲ್ಲಿ ಹಿಡಿತ ಬೇಗ ಸವೆಯುತ್ತದೆ. ಈಗ ಎದುರಿನಿಂದ ನೋಡಿದರೆ ತೇಪೆ ಕಾಣುವುದಿಲ್ಲ. ಕಿಟಕಿಯ ಪಕ್ಕ ನಿಂತು ಓರೆಯಾಗಿ ನೋಡಿದರೆ ಮಾತ್ರ ದೋಣಿಯ ಆಕಾರ ಸುತ್ತಲಿಗಿಂತ ತುಸು ಮಂಕಾಗಿ ತೋರುತ್ತದೆ. ಅಂಟಿಸುವಾಗ ತುಂಡಿನ ತಲೆ-ಬುಡ ಗುರುತು ಹಾಕಿಕೊಳ್ಳದೆ ತಿರುಗಿಸಿ ಕೂರಿಸಿದ್ದರಿಂದ ಎಳೆಗಳು ಬೆಳಕನ್ನು ಬೇರೆ ದಿಕ್ಕಿಗೆ ಚೆಲ್ಲುತ್ತಿವೆ. ಉಳಿದ ವಿನೀರ್ ತುಂಡುಗಳ ಹಿಂಬದಿಗೆಲ್ಲ ಈಗ ಪೆನ್ಸಿಲಿನಿಂದ ಬಾಣದ ಗುರುತು ಹಾಕಿಟ್ಟಿದ್ದೇನೆ.